ಮೊಬೈಲ್‌ನಲ್ಲಿ ಮುಕ್ತ ಕಾರ್ಯಾಚರಣ ವ್ಯವಸ್ಥೆ: ಕೃಷ್ಣಾ-ಘಟಪ್ರಭಾ ಸೀಮೆಯಿಂದ ಒಂದು ಅವಲೋಕನ

ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಸೀಮೆಯಲ್ಲಿ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಪಟ್ಟಣಗಳಿವೆ. ಒಂದು ಕಡೆ ಕಬ್ಬಿನ ಗದ್ದೆ ಮತ್ತು ಸಕ್ಕರೆ ಕಾರ್ಖಾನೆ, ಇನ್ನೊಂದು ಕಡೆ ವಿದ್ಯುತ್ ಮಗ್ಗಗಳ ಸದ್ದು, ಮತ್ತೊಂದು ಕಡೆ ಆಲಮಟ್ಟಿ ಹಿನ್ನೀರಿನಿಂದಾಗಿ ನೆಲೆ ಬದಲಿಸಿದ ಪುನರ್ವಸತಿ ಗ್ರಾಮಗಳು. ಈ ಮೂರೂ ಬಗೆಯ ಬದುಕಿಗೆ ಇಂದು ಸಾಮಾನ್ಯವಾದ ಸಾಧನವೆಂದರೆ ಮೊಬೈಲ್ ಫೋನ್. ಬನಹಟ್ಟಿಯ ನೇಕಾರರು ಹೊಸ ಸೀರೆಯ ಅಂಚಿನ ಚಿತ್ರವನ್ನು ವ್ಯಾಪಾರಿಗೆ ಕಳುಹಿಸುವುದೂ, ಮುಧೋಳದ ಬೆಳೆಗಾರರು ಬೆಳೆ ಸಮೀಕ್ಷೆಗೆ ಹೊಲದ ಛಾಯಾಚಿತ್ರ ತೆಗೆಯುವುದೂ, ಬೀಳಗಿಯವರು ಜಲಾಶಯದ ಒಳಹರಿವಿನ ಅಂಕಿ ನೋಡುವುದೂ ಬಹುಪಾಲು ಒಂದೇ ಕಾರ್ಯಾಚರಣ ವ್ಯವಸ್ಥೆಯ ಮೇಲೆ. ಅದರ ಹೆಸರು ಆಂಡ್ರಾಯ್ಡ್. ಅದರ ತಳಪಾಯ ಮುಕ್ತ ತಂತ್ರಾಂಶ ಎಂಬುದು ಅನೇಕರಿಗೆ ತಿಳಿದಿಲ್ಲ. ತಳಪಾಯ ಮುಕ್ತವಾಗಿದ್ದರೂ ಕೈಯಲ್ಲಿರುವ ಫೋನ್ ಪೂರ್ತಿ ಮುಕ್ತವಲ್ಲ ಎಂಬುದು ಇನ್ನೂ ಕಡಿಮೆ ಜನರಿಗೆ ತಿಳಿದಿದೆ.

ಮುಕ್ತ ಎಂದರೆ ಪುಕ್ಕಟೆ ಅಲ್ಲ

ರಬಕವಿ-ಬನಹಟ್ಟಿಯ ಓದುಗರಿಗೆ ಈ ವಿಷಯವನ್ನು ಜಕಾರ್ಡ್ ಮಗ್ಗದ ಮೂಲಕ ವಿವರಿಸುವುದು ಸುಲಭ. ಸೀರೆಯ ಅಂಚಿನಲ್ಲಿ ಬಳ್ಳಿ, ನವಿಲು, ಗೋಪುರ ಮೂಡಬೇಕಾದರೆ ಮೊದಲು ಚೌಕಳಿ ಕಾಗದದ ಮೇಲೆ ವಿನ್ಯಾಸ ಬರೆದು, ಅದಕ್ಕನುಗುಣವಾಗಿ ರಟ್ಟಿನ ಹಲಗೆಗಳಿಗೆ ತೂತು ಹೊಡೆದು, ಅವನ್ನು ಸರಪಣಿಯಂತೆ ಕಟ್ಟಿ ಮಗ್ಗದ ಮೇಲೆ ಏರಿಸಬೇಕು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ಆ ತೂತುಗಳೇ ನಿರ್ಧರಿಸುತ್ತವೆ. ಅಂಗಡಿಯಲ್ಲಿ ಸೀರೆ ಕೊಂಡವರಿಗೆ ಸೀರೆ ಮಾತ್ರ ಸಿಗುತ್ತದೆ. ವಿನ್ಯಾಸದ ಕಾಗದ ಮತ್ತು ರಟ್ಟು ಸಿಕ್ಕವರಿಗೆ ಅದೇ ಸೀರೆಯನ್ನು ಮತ್ತೆ ನೇಯುವ, ಬೇಕಾದರೆ ನವಿಲಿನ ಬದಲು ಹಂಸವನ್ನು ಕೂರಿಸುವ ಸಾಮರ್ಥ್ಯ ಬರುತ್ತದೆ. ತಂತ್ರಾಂಶದ ಲೋಕದಲ್ಲಿ ಆ ವಿನ್ಯಾಸದ ಕಾಗದಕ್ಕೆ ಆಕರ ಸಂಕೇತ ಎನ್ನುತ್ತಾರೆ. ಅದನ್ನು ಓದಲು, ತಿದ್ದಲು, ಹಂಚಲು ಎಲ್ಲರಿಗೂ ಪರವಾನಗಿ ಇದ್ದರೆ ಅದು ಮುಕ್ತ ಆಕರ ತಂತ್ರಾಂಶ. (ಗಣಕಯಂತ್ರದ ಇತಿಹಾಸ ಬರೆದವರೆಲ್ಲರೂ ಹತ್ತೊಂಬತ್ತನೆಯ ಶತಮಾನದ ಆರಂಭದ ಜಕಾರ್ಡ್ ಮಗ್ಗವನ್ನು ನೆನೆಯುತ್ತಾರೆ. ಆದ್ದರಿಂದ ಈ ಹೋಲಿಕೆ ಕೇವಲ ಅನುಕೂಲಕ್ಕಾಗಿ ಮಾಡಿದ್ದಲ್ಲ.)

ಉತ್ತರ ಕರ್ನಾಟಕದ ಮಾತಿನಲ್ಲಿ ಇದನ್ನು 'ಪುಕ್ಕಟೆ ಸಾಫ್ಟ್‌ವೇರ್' ಎಂದು ಕರೆಯುವ ರೂಢಿಯಿದೆ. ಅದು ತಪ್ಪು ತಿಳಿವಳಿಕೆಗೆ ದಾರಿ ಮಾಡುತ್ತದೆ. ಪುಕ್ಕಟೆಯಾಗಿ ಸಿಗುವ ಎಷ್ಟೋ ಆ್ಯಪ್‌ಗಳ ಆಕರ ಸಂಕೇತ ಗುಟ್ಟಾಗಿಯೇ ಇರುತ್ತದೆ. ಮುಕ್ತ ತಂತ್ರಾಂಶವನ್ನು ಹಣಕ್ಕೆ ಮಾರುವುದಕ್ಕೂ ಅಡ್ಡಿಯಿಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದಾಗ ಒತ್ತು ನೀಡಿದ್ದು ಸ್ವಾತಂತ್ರ್ಯಕ್ಕೆ, ಬೆಲೆಗಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆಯಲಾರಂಭಿಸಿದ ಲಿನಕ್ಸ್ ಕರ್ನೆಲ್ ಗ್ನೂ ಸಾರ್ವಜನಿಕ ಪರವಾನಗಿಯಡಿ ಬಂದಿತು. ಈ ಪರವಾನಗಿಗೆ ಒಂದು ಕಟ್ಟುಪಾಡಿದೆ: ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯ ಆಕರವನ್ನೂ ಕೊಡಬೇಕು. ಅಪಾಚೆ ಎಂಬ ಇನ್ನೊಂದು ಪರವಾನಗಿಯಲ್ಲಿ ಈ ಕಟ್ಟುಪಾಡಿಲ್ಲ. ತೆಗೆದುಕೊಂಡು ತಿದ್ದಿ, ತಿದ್ದಿದ್ದನ್ನು ಮುಚ್ಚಿಟ್ಟುಕೊಳ್ಳಲೂಬಹುದು. ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆಂಡ್ರಾಯ್ಡ್‌ನ ಕರ್ನೆಲ್ ಮೊದಲ ಬಗೆಯದು, ಉಳಿದ ಬಹುಭಾಗ ಎರಡನೆಯ ಬಗೆಯದು. ಮುಂದಿನ ಕಥೆಯೆಲ್ಲ ಇದರಿಂದಲೇ ಹುಟ್ಟಿದೆ.

ಬೆಂಗಳೂರಿನಲ್ಲಿ ಮೊದಲೇ ನಡೆದ ಪ್ರಯೋಗ

ಅಂಗೈಯಲ್ಲಿ ಹಿಡಿಯುವ ಸಾಧನಕ್ಕೆ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವ ಯತ್ನ ಆಂಡ್ರಾಯ್ಡ್‌ಗಿಂತ ಬಹಳ ಮೊದಲೇ ಕರ್ನಾಟಕದಲ್ಲಿ ನಡೆದಿತ್ತು ಎಂಬುದನ್ನು ಇಂದಿನ ಪೀಳಿಗೆ ಮರೆತಿದೆ. ಅದು ಸಿಂಪ್ಯೂಟರ್. 1998ರಲ್ಲಿ ಬೆಂಗಳೂರಿನಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳ ಮಾಹಿತಿ ತಂತ್ರಜ್ಞಾನ ಕುರಿತ ಸಮ್ಮೇಳನದ ಸಂದರ್ಭದಲ್ಲಿ ಮೊಳೆತ ಈ ಕಲ್ಪನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ರೂಪಕ್ಕೆ ತಂದರು. 2001ರ ಏಪ್ರಿಲ್‌ನಲ್ಲಿ ಮಾದರಿ ಸಾಧನ ಅನಾವರಣಗೊಂಡಿತು. ಅದರೊಳಗೆ ಲಿನಕ್ಸ್ ಇತ್ತು. ಯಂತ್ರಾಂಶದ ವಿನ್ಯಾಸಕ್ಕೂ ಸಾರ್ವಜನಿಕ ಪರವಾನಗಿಯೊಂದನ್ನು ರೂಪಿಸಲಾಗಿತ್ತು. ಓದು ಬಾರದವರಿಗಾಗಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ದನಿಯಾಗಿಸುವ ಸೌಲಭ್ಯವಿತ್ತು. ಸ್ಮಾರ್ಟ್ ಕಾರ್ಡ್ ಕಿಂಡಿಯೂ ಇತ್ತು. ಒಂದು ಸಾಧನವನ್ನು ಇಡೀ ಊರು ಹಂಚಿಕೊಳ್ಳಲಿ, ಪ್ರತಿಯೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿರಲಿ ಎಂಬುದು ಅದರ ಹಿಂದಿನ ಆಲೋಚನೆ.

ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ನಿಯತಕಾಲಿಕದಲ್ಲಿ ಇದನ್ನು 2001ನೆಯ ವರ್ಷದ ಅತ್ಯಂತ ಮಹತ್ವದ ಗಣಕ ಆವಿಷ್ಕಾರವೆಂದು ಹೊಗಳಿದರು. 2004ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 'ಅಮಿಡಾ' ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಆರಂಭದ ಬೆಲೆ 10,000 ರೂಪಾಯಿಯ ಆಸುಪಾಸು. ಸಾಧನವನ್ನು ಓಲಿಸಿದರೆ ಅದನ್ನು ಗ್ರಹಿಸುವ ಸಂವೇದಕ ಅದರಲ್ಲಿತ್ತು. ಇಂದು ಎಲ್ಲ ಫೋನ್‌ಗಳಲ್ಲೂ ಸಾಮಾನ್ಯವಾದ ಈ ಸೌಲಭ್ಯ ಆಗ ಜಗತ್ತಿಗೆ ಹೊಸದು. ಭೂದಾಖಲೆ ಕೆಲಸದಲ್ಲಿ ಕರ್ನಾಟಕ ಸರ್ಕಾರವೂ ಅದನ್ನು ಪ್ರಯೋಗಿಸಿ ನೋಡಿತು. ಆದರೆ ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ದೂರವಾಣಿ ಕರೆ ಮಾಡಲಾಗದ ಸಾಧನಕ್ಕೆ ಹತ್ತು ಸಾವಿರ ಕೊಡುವುದಕ್ಕಿಂತ ಎರಡು-ಮೂರು ಸಾವಿರಕ್ಕೆ ಮಾತನಾಡುವ ಮೊಬೈಲ್ ಕೊಳ್ಳುವುದೇ ಲೇಸೆಂದು ಜನ ಬಗೆದರು. ಜನರ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಆದರೂ ಮುಕ್ತ ವ್ಯವಸ್ಥೆ, ಸ್ಥಳೀಯ ಭಾಷೆ ಮತ್ತು ಹಳ್ಳಿಯ ಬಳಕೆ ಈ ಮೂರನ್ನೂ ಒಟ್ಟಿಗೆ ಯೋಚಿಸಿದ ತಂಡ ನಮ್ಮ ರಾಜ್ಯದ್ದು ಎಂಬುದನ್ನು ದಾಖಲಿಸುವುದು ಅಗತ್ಯ.

ಆಂಡ್ರಾಯ್ಡ್: ಎರಡು ಅಂತಸ್ತಿನ ಮನೆ

2003ರಲ್ಲಿ ಆ್ಯಂಡಿ ರೂಬಿನ್ ಮತ್ತು ಸಂಗಡಿಗರು ಸ್ಥಾಪಿಸಿದ ಆಂಡ್ರಾಯ್ಡ್ ಕಂಪನಿಯನ್ನು ಗೂಗಲ್ 2005ರಲ್ಲಿ ಖರೀದಿಸಿತು. 2007ರ ನವೆಂಬರ್‌ನಲ್ಲಿ 34 ಸಂಸ್ಥೆಗಳ ಒಕ್ಕೂಟ ಘೋಷಣೆಯಾಯಿತು. 2008ರ ಅಕ್ಟೋಬರ್‌ನಲ್ಲಿ ಮೊದಲ ಫೋನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದುದರೊಂದಿಗೆ ಆಕರ ಸಂಕೇತವೂ ಬಿಡುಗಡೆಯಾಯಿತು. ಆಗ ನಮ್ಮಲ್ಲಿ ನೋಕಿಯಾದ ಸಿಂಬಿಯನ್ ವ್ಯವಸ್ಥೆಯ ಕಾಲ. ಸ್ಪರ್ಧೆಗೆ ಬೆದರಿ ಸಿಂಬಿಯನ್ ಕೂಡ 2010ರ ಫೆಬ್ರುವರಿಯಲ್ಲಿ ತನ್ನ ಆಕರವನ್ನು ಮುಕ್ತಗೊಳಿಸಿತು. ಆದರೆ ಮರುವರ್ಷ ಅದೇ ತಿಂಗಳು ನೋಕಿಯಾ ಮೈಕ್ರೋಸಾಫ್ಟ್‌ನೊಡನೆ ಕೈಜೋಡಿಸಿದ್ದರಿಂದ ಆ ಮುಕ್ತತೆಗೆ ಅರ್ಥವೇ ಉಳಿಯಲಿಲ್ಲ. ಬಾಗಿಲು ತೆರೆದಾಗ ಮನೆಯಲ್ಲಿ ಯಾರೂ ಇರಲಿಲ್ಲ ಎನ್ನಬಹುದು.

ಆಂಡ್ರಾಯ್ಡ್ ಗೆದ್ದಿತು. ಅದನ್ನು ಎರಡು ಅಂತಸ್ತಿನ ಮನೆಯೆಂದು ಭಾವಿಸಿದರೆ ವಿಷಯ ತಿಳಿಯಾಗುತ್ತದೆ. ಕೆಳ ಅಂತಸ್ತು ಆಂಡ್ರಾಯ್ಡ್ ಮುಕ್ತ ಆಕರ ಯೋಜನೆ: ಲಿನಕ್ಸ್ ಕರ್ನೆಲ್, ಪರದೆ, ಧ್ವನಿ, ಅಕ್ಷರ ಜೋಡಣೆ, ಅನುಮತಿಗಳ ನಿರ್ವಹಣೆ ಇತ್ಯಾದಿ. ಇದನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಮೇಲಂತಸ್ತಿನಲ್ಲಿ ಪ್ಲೇ ಸ್ಟೋರ್, ನಕ್ಷೆ, ಜಿಮೇಲ್, ಮತ್ತು ಹೊರಗೆ ಕಾಣದಿದ್ದರೂ ಎಲ್ಲಕ್ಕೂ ಬೇಕಾದ ಪ್ಲೇ ಸರ್ವಿಸಸ್ ಇವೆ. ಇವು ಗೂಗಲ್‌ನ ಸ್ವತ್ತು. ಇವುಗಳನ್ನು ಅಳವಡಿಸಲು ತಯಾರಕರು ಒಪ್ಪಂದ ಮಾಡಿಕೊಳ್ಳಬೇಕು. ಮುಧೋಳದ ಅಂಗಡಿಯಲ್ಲಿ ಕೊಂಡ ಫೋನ್‌ನಲ್ಲಿ ಈ ಎರಡರ ಜೊತೆಗೆ ತಯಾರಕರು ಸೇರಿಸಿದ ಮೂರನೆಯ ಪದರವೂ ಇರುತ್ತದೆ. ತೆಗೆದುಹಾಕಲಾಗದ ಆಟಗಳು, ಜಾಹೀರಾತುಗಳು ಬರುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಈ ಮೇಲಂತಸ್ತಿನ ಕಟ್ಟುಪಾಡುಗಳೇ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂದವು. ಭಾರತದ ಸ್ಮಾರ್ಟ್‌ಫೋನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್‌ನವು. 2022ರ ಅಕ್ಟೋಬರ್ 20ರಂದು ಆಯೋಗವು ತನ್ನ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡ ಕಾರಣಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಕೆಲವು ನಿರ್ದೇಶನಗಳನ್ನು ರದ್ದುಗೊಳಿಸಿತು. ಅದಕ್ಕೂ ಮೊದಲೇ, ಆ ವರ್ಷದ ಜನವರಿಯಲ್ಲಿ, ಭಾರತದಲ್ಲಿ ತಯಾರಕರು ತನ್ನ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದೆಂದೂ ಬಳಕೆದಾರರು ಶೋಧ ಸೇವೆಯನ್ನು ತಾವೇ ಆರಿಸಿಕೊಳ್ಳಬಹುದೆಂದೂ ಗೂಗಲ್ ಪ್ರಕಟಿಸಿತು. ಬಹುತೇಕ ಅದೇ ದಿನಗಳಲ್ಲಿ ಮದ್ರಾಸ್ ಐಐಟಿಯ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದು 'ಭಾರ್‌ಓಎಸ್' ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿತು. ಸ್ವದೇಶಿ ಎಂದು ಪತ್ರಿಕೆಗಳು ಕೊಂಡಾಡಿದ ಅದರ ಬುನಾದಿಯೂ ಆಂಡ್ರಾಯ್ಡ್‌ನ ಆ ಕೆಳ ಅಂತಸ್ತೇ. ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಮುಕ್ತ ಆಕರ ಇರುವುದೇ ಹೀಗೆ ಬಳಸಲು.

ಭಾರತವೇ ಪ್ರಯೋಗಶಾಲೆಯಾದ ಹದಿನೆಂಟು ತಿಂಗಳು

2014 ಮತ್ತು 2015ರಲ್ಲಿ ಜಗತ್ತಿನ ಹಲವು ಮುಕ್ತ ಮೊಬೈಲ್ ವ್ಯವಸ್ಥೆಗಳು ಒಂದರ ಬೆನ್ನಿಗೊಂದು ಭಾರತಕ್ಕೆ ಬಂದವು. 2014ರ ಆಗಸ್ಟ್‌ನಲ್ಲಿ ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ಹೊತ್ತ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ ಫೋನ್ 1,999 ರೂಪಾಯಿಗೆ ಬಂತು. ಅಷ್ಟು ಅಗ್ಗದ ಸ್ಮಾರ್ಟ್‌ಫೋನ್ ಅದುವರೆಗೆ ಯಾರೂ ಕಂಡಿರಲಿಲ್ಲ. ಆದರೆ ಭಾರತೀಯ ಭಾಷೆಗಳಲ್ಲಿ ಅದು ಹಿಂದಿ, ತಮಿಳುಗಳನ್ನು ಹೇಳಿಕೊಂಡು ಬಂತೇ ಹೊರತು ಕನ್ನಡವನ್ನಲ್ಲ. ಸೆಪ್ಟೆಂಬರ್‌ನಲ್ಲಿ ಫಿನ್ಲೆಂಡಿನ ಯೋಲಾ ಕಂಪನಿಯ ಸೈಲ್‌ಫಿಶ್ ಫೋನ್ 16,499 ರೂಪಾಯಿಗೆ ಬಂತು. ಅದೇ ತಿಂಗಳು ಗೂಗಲ್‌ನ ಆಂಡ್ರಾಯ್ಡ್ ಒನ್ ಫೋನ್‌ಗಳು 6,399ರಿಂದ ಆರಂಭವಾದವು. ಡಿಸೆಂಬರ್‌ನಲ್ಲಿ ಮೈಕ್ರೋಮ್ಯಾಕ್ಸ್‌ನ ಯು ಯುರೇಕಾ, ಸಯನೋಜೆನ್ ಎಂಬ ಆಂಡ್ರಾಯ್ಡ್ ರೂಪಾಂತರದೊಡನೆ. ಈ ಸಯನೋಜೆನ್‌ನ ಭಾರತದ ಹಕ್ಕು ಯಾರದೆಂಬ ವ್ಯಾಜ್ಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿ, ಒನ್‌ಪ್ಲಸ್ ಫೋನಿನ ಮಾರಾಟಕ್ಕೆ ಕೆಲಕಾಲ ತಡೆ ಬಿದ್ದಿತ್ತು. ಮುಕ್ತ ತಂತ್ರಾಂಶಕ್ಕೂ ಏಕಸ್ವಾಮ್ಯದ ಜಗಳವೇ ಎಂದು ಓದುಗರು ಆಗ ಅಚ್ಚರಿಪಟ್ಟಿರಬಹುದು. ಜಗಳ ತಂತ್ರಾಂಶಕ್ಕಾಗಿ ಅಲ್ಲ, ಹೆಸರು ಮತ್ತು ಸೇವೆಗಾಗಿ.

2015ರ ಜನವರಿಯಲ್ಲಿ ಸ್ಯಾಮ್ಸಂಗ್ ತನ್ನ ಟೈಜೆನ್ ವ್ಯವಸ್ಥೆಯ ಮೊದಲ ಫೋನ್ ಝಡ್1 ಅನ್ನು ಬಿಡುಗಡೆ ಮಾಡಲು ಆರಿಸಿಕೊಂಡದ್ದೂ ಭಾರತವನ್ನೇ, 5,700 ರೂಪಾಯಿಗೆ. ಇವುಗಳಲ್ಲಿ ಆಂಡ್ರಾಯ್ಡ್ ಹೊರತು ಯಾವುದೂ ಬೇರೂರಲಿಲ್ಲ. ಫೋನ್ ಚೆನ್ನಾಗಿದ್ದರೂ ಜನರಿಗೆ ಬೇಕಾದ ಆ್ಯಪ್ ಇರಲಿಲ್ಲ. ಬಳಕೆದಾರರು ಇಲ್ಲದ್ದರಿಂದ ಆ್ಯಪ್ ತಯಾರಕರೂ ಬರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ ಫೋನ್ ಮಾರಾಟದ ಪ್ರಯತ್ನ ಕೈಬಿಟ್ಟಿತು.

ಆದರೆ ಫೈರ್‌ಫಾಕ್ಸ್ ಓಎಸ್ ಸತ್ತ ಮೇಲೂ ಬದುಕಿತು. ಮುಕ್ತ ಆಕರದ ಒಂದು ವಿಶೇಷವೇ ಇದು. ಅದರ ಆಕರವನ್ನು ಎತ್ತಿಕೊಂಡು ಕಾಯ್‌ಓಎಸ್ ಹುಟ್ಟಿತು. 2017ರ ಜುಲೈ 21ರಂದು ಘೋಷಣೆಯಾದ ಜಿಯೋಫೋನ್ ಅದನ್ನೇ ಬಳಸಿತು. 1,500 ರೂಪಾಯಿ ಠೇವಣಿಗೆ ದೊರೆತ, ಗುಂಡಿಗಳುಳ್ಳ ಆ ಫೋನ್‌ನಲ್ಲಿ 2018ರ ಸೆಪ್ಟೆಂಬರ್‌ನಿಂದ ವಾಟ್ಸಾಪ್ ಕೂಡ ಬಂತು. ಸ್ಮಾರ್ಟ್‌ಫೋನ್ ಮುಟ್ಟದಿದ್ದ ಎಷ್ಟೋ ಮನೆಗಳ ಹಿರಿಯರಿಗೆ ಅಂತರ್ಜಾಲದ ಮೊದಲ ಪರಿಚಯವಾದದ್ದು ಹೀಗೆ. 2020ರ ಮೇ ತಿಂಗಳಲ್ಲಿ ಕೊರೊನಾ ನಿಗಾಕ್ಕಾಗಿ ಬಂದ ಆರೋಗ್ಯ ಸೇತು ಆ್ಯಪ್ ಈ ಫೋನಿಗೂ ಸಿದ್ಧವಾಯಿತು. ಅದೇ ತಿಂಗಳ 26ರಂದು ಆ ಆ್ಯಪ್‌ನ ಆಂಡ್ರಾಯ್ಡ್ ಆವೃತ್ತಿಯ ಆಕರ ಸಂಕೇತವನ್ನು ಕೇಂದ್ರ ಸರ್ಕಾರ ಬಹಿರಂಗಪಡಿಸಿತು. ತನ್ನ ಮಾಹಿತಿ ಎಲ್ಲಿಗೆ ಹೋಗುತ್ತದೆಂದು ಪ್ರಜೆ ಕೇಳಿದಾಗ ಸರ್ಕಾರ ಆಕರವನ್ನೇ ಮುಂದಿಟ್ಟ ನಿದರ್ಶನ ನಮ್ಮಲ್ಲಿ ಅಪರೂಪ. ಇನ್ನು ಕಾಯ್‌ಓಎಸ್‌ನ ಭಾಗ್ಯ: 2024ರ ಜೂನ್‌ನಲ್ಲಿ ವಾಟ್ಸಾಪ್ ಅದರ ಅಂಗಡಿಯಿಂದ ಹೊಸದಾಗಿ ಇಳಿಸಿಕೊಳ್ಳುವುದನ್ನು ನಿಲ್ಲಿಸಿತು. ವ್ಯವಸ್ಥೆ ಮುಕ್ತವಾದರೂ ಅದರ ಮೇಲಿನ ಸೇವೆ ಪರರ ಕೈಯಲ್ಲಿದ್ದರೆ ಫೋನ್ ಗಟ್ಟಿಯಾಗಿರುವಾಗಲೇ ಅರ್ಧ ಉಪಯೋಗ ಹೋಗುತ್ತದೆ.

ಪರದೆಯ ಮೇಲೆ ಬನಹಟ್ಟಿ

ಕನ್ನಡಿಗರ ಮಟ್ಟಿಗೆ ಮುಕ್ತ ಆಕರದಿಂದ ಆದ ಅತಿ ದೊಡ್ಡ ಲಾಭವೆಂದರೆ ಅಕ್ಷರ. ಕನ್ನಡವು 1991ರ ಯೂನಿಕೋಡ್ ಮೊದಲ ಆವೃತ್ತಿಯಿಂದಲೇ ಶಿಷ್ಟತೆಯಲ್ಲಿ ಸೇರಿದೆ. ಆದರೆ ಸಂಕೇತ ಇದ್ದಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. 'ಬನಹಟ್ಟಿ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಫೋನಿನ ನೆನಪಿನಲ್ಲಿ ಅದು ಏಳು ಸಂಕೇತಗಳ ಸಾಲು: ಬ, ನ, ಹ, ಟ, ವಿರಾಮ ಚಿಹ್ನೆ, ಮತ್ತೊಂದು ಟ, ಕೊನೆಗೆ ಗುಡಿಸು. ಪರದೆಯ ಮೇಲಾದರೋ ಎರಡನೆಯ ಟ ಒತ್ತಾಗಿ ಕೆಳಗಿಳಿಯಬೇಕು, ಕೊನೆಯಲ್ಲಿ ಬಂದ ಗುಡಿಸು ಹಿಂದಕ್ಕೆ ಹೋಗಿ ಮೊದಲ ಟ ಮೇಲೆ ಕೂರಬೇಕು. 'ಮುಧೋಳ'ದ ಧೋ ನೆನಪಿನಲ್ಲಿ ಎರಡೇ ಸಂಕೇತ. ಪರದೆಯಲ್ಲಿ ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿ ಧಕಾರಕ್ಕೆ ಅಂಟಬೇಕು. 'ಕರ್ನಾಟಕ'ದಲ್ಲಿ ಮೊದಲು ಬಂದ ರಕಾರವು ಅರ್ಕಾವೊತ್ತಾಗಿ ನಾ ಆದ ಮೇಲೆ ಕಾಣಬೇಕು. ಈ ಜೋಡಣೆಯ ಕೆಲಸ ಮಾಡುವ ತಂತ್ರಾಂಶವಿಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಚದುರುತ್ತವೆ. ಫಾಂಟ್ ಕೂಡ ಇಲ್ಲದಿದ್ದರೆ ಬರಿಯ ಚೌಕಗಳು.

ಆರಂಭದ ಆಂಡ್ರಾಯ್ಡ್‌ನಲ್ಲಿ ಆದದ್ದು ಇದೇ. ಕೆಲವು ತಯಾರಕರು ತಾವಾಗಿ ಫಾಂಟ್ ಸೇರಿಸಿದ್ದನ್ನು ಬಿಟ್ಟರೆ ಉಳಿದವುಗಳಲ್ಲಿ ಕನ್ನಡ ಸುದ್ದಿತಾಣ ತೆರೆದರೆ ಚೌಕಗಳ ಸಾಲು. ಆಗಿನ ಓದುಗರು ಒಪೆರಾ ಮಿನಿ ಜಾಲದರ್ಶಕದ ಗುಪ್ತ ಪುಟಕ್ಕೆ ಹೋಗಿ, ಜಟಿಲ ಲಿಪಿಗಳಿಗೆ ಬಿಟ್‌ಮ್ಯಾಪ್ ಬಳಸುವ ಆಯ್ಕೆಯನ್ನು 'ಹೌದು' ಮಾಡಿ ಕನ್ನಡ ಓದಿದ್ದು ಅನೇಕರಿಗೆ ನೆನಪಿರಬಹುದು. ಅದು ಅಕ್ಷರವಲ್ಲ, ಅಕ್ಷರದ ಚಿತ್ರ. ದೂರದ ಸರ್ವರ್‌ನಲ್ಲಿ ಬರೆದು ಕಳುಹಿಸಿದ್ದು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಲಿಪಿಗಳ ಬೆಂಬಲ ತಂದಿತು. 2014ರ ಆಂಡ್ರಾಯ್ಡ್ 5.0 ಕನ್ನಡವನ್ನು ಆಯ್ಕೆಪಟ್ಟಿಗಳ ಭಾಷೆಯನ್ನಾಗಿಸಿತು. ಇದರ ಹಿಂದೆ ಹಾರ್ಫ್‌ಬಜ್ ಎಂಬ ಮುಕ್ತ ಅಕ್ಷರ ಜೋಡಣಾ ತಂತ್ರಾಂಶವಿದೆ. ಅದನ್ನೇ ಲಿನಕ್ಸ್ ಗಣಕಗಳೂ ಫೈರ್‌ಫಾಕ್ಸ್ ಕೂಡ ಬಳಸುತ್ತವೆ. ಒಂದೆಡೆ ಯಾರೋ ಒತ್ತಕ್ಷರದ ದೋಷ ಸರಿಪಡಿಸಿದರೆ ಎಲ್ಲೆಡೆಯೂ ಸರಿಹೋಗುತ್ತದೆ. ನೋಟೊ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟ್‌ಗಳೂ ಈ ಸಾಲಿನವೇ.

ಬರೆಯುವ ವಿಷಯದಲ್ಲಿ ಕೆ.ಪಿ. ರಾವ್ ಅವರು ರೂಪಿಸಿ ಕರ್ನಾಟಕ ಸರ್ಕಾರ ಅಂಗೀಕರಿಸಿದ ಕೀಲಿಮಣೆ ವಿನ್ಯಾಸ ಗಣಕಗಳಲ್ಲಿ ಮೊದಲೇ ರೂಢಿಯಾಗಿತ್ತು. ಮೊಬೈಲ್‌ಗೆ ಮುಕ್ತ ಆಕರದ ಕೀಲಿಮಣೆಗಳು ಬಂದವು; ಅವುಗಳಲ್ಲಿ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಇಂಡಿಕ್ ಕೀಬೋರ್ಡ್ ಕನ್ನಡವನ್ನೂ ಒಳಗೊಂಡಿದೆ. ಕನ್ನಡಕ್ಕೆ ಮಲಯಾಳಿಗಳು ದುಡಿದದ್ದಕ್ಕೆ ಸಂತೋಷಪಡುವುದರ ಜೊತೆಗೆ ನಾವು ಎಷ್ಟು ದುಡಿದೆವೆಂದು ಕೇಳಿಕೊಳ್ಳುವುದೂ ಉಚಿತ. 2016ರಲ್ಲಿ ಕೇಂದ್ರ ಸರ್ಕಾರವು ಐಎಸ್ 16333 ಮಾನಕದ ಮೂರನೆಯ ಭಾಗದನ್ವಯ ಭಾರತದಲ್ಲಿ ಮಾರುವ ಎಲ್ಲ ಫೋನ್‌ಗಳಲ್ಲಿ 22 ಭಾಷೆಗಳನ್ನು ಓದುವ ಸೌಲಭ್ಯ ಕಡ್ಡಾಯವೆಂದಿತು. ಗಡುವು ಮುಂದೂಡಿಕೆಯಾದರೂ ನಿಯಮ ಜಾರಿಗೆ ಬಂತು. ಬರೆಯಲು ಮಾತ್ರ ಇಂಗ್ಲಿಷ್, ಹಿಂದಿ ಮತ್ತು ತಯಾರಕರು ಆರಿಸುವ ಇನ್ನೊಂದು ಭಾಷೆ ಸಾಕು ಎಂಬ ಅದರ ಇತಿಮಿತಿಯನ್ನು ಗಮನಿಸಬೇಕು. ಓದುಗನಾಗಿ ಕನ್ನಡಿಗನಿಗೆ ಕೊಟ್ಟ ಭರವಸೆ ಬರಹಗಾರನಾಗಿ ಸಿಗಲಿಲ್ಲ.

ಆಂಡ್ರಾಯ್ಡ್ ಆಕರದಲ್ಲಿ ಕನ್ನಡ ಅನುವಾದಗಳೆಲ್ಲ ಪ್ರತ್ಯೇಕ ಕಡತಗಳಲ್ಲಿವೆ. ಯಾರು ಬೇಕಾದರೂ ತೆರೆದು ಓದಬಹುದು. ಆ ಕನ್ನಡ ಹಲವೆಡೆ ಕೃತಕವೆಂಬುದು ಈ ಲೇಖಕನ ಅಭಿಪ್ರಾಯ. ಜಮಖಂಡಿಯ ಓದುಗರು ಫೋನನ್ನು ಕನ್ನಡಕ್ಕೆ ಬದಲಿಸಿ ಎರಡು ದಿನಕ್ಕೆ ಮತ್ತೆ ಇಂಗ್ಲಿಷಿಗೆ ಮರಳಿದರೆ ಅವರನ್ನು ದೂಷಿಸಲಾಗದು. ಆದರೆ ತಿದ್ದಲು ದಾರಿಯಿದೆ: ಲಿನಿಯೇಜ್ ಓಎಸ್‌ನಂಥ ಸಮುದಾಯದ ವ್ಯವಸ್ಥೆಗಳಲ್ಲಿ ಸ್ವಯಂಸೇವಕರೇ ಅನುವಾದ ಮಾಡುತ್ತಾರೆ. 'ಬರ್ರಿ', 'ಹೇಳ್ರಿ' ಎನ್ನುವ ನಮ್ಮ ಸೀಮೆಯ ಮಾತು ಮುಕ್ತ ನಿಘಂಟುಗಳಲ್ಲಿ ಸೇರಬೇಕಾದರೂ ಈ ಸೀಮೆಯವರೇ ಸೇರಿಸಬೇಕು. ಮಾತಿನ ವಿಷಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಕೈಗೊಂಡಿರುವ 'ವಾಣಿ' ಯೋಜನೆ ಜಿಲ್ಲಾವಾರು ಧ್ವನಿ ಸಂಗ್ರಹಿಸಿ ಮುಕ್ತವಾಗಿ ಹಂಚುವ ಗುರಿ ಹೊಂದಿದೆ.

ಹಳೆಯ ಫೋನ್, ಹೊಸ ಕಡ್ಡಾಯ

ಇದೆಲ್ಲ ತಂತ್ರಜ್ಞರ ಗೋಜೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ಬೆಳೆ ಸಮೀಕ್ಷೆ 2017-18ರಿಂದ ಮೊಬೈಲ್ ಆ್ಯಪ್ ಮೂಲಕ ನಡೆಯಲಾರಂಭಿಸಿತು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ವಿವರ ದಾಖಲಿಸುವ ಆ್ಯಪ್ ಬಂತು. ಬೆಳೆ ವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿಗೆ ಈ ಮಾಹಿತಿಯೇ ಆಧಾರ. 2019ರ ಆಗಸ್ಟ್‌ನಲ್ಲಿ ಕೃಷ್ಣಾ-ಘಟಪ್ರಭಾ ಪ್ರವಾಹ ಕಂಡ ಮುಧೋಳ, ಜಮಖಂಡಿ ಸೀಮೆಗೆ ಪರಿಹಾರದ ದಾಖಲೆಯ ಬೆಲೆ ಏನೆಂದು ವಿವರಿಸಬೇಕಿಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಬಾರಿ ಛಾಯಾಚಿತ್ರ ಸಹಿತ ಹಾಜರಿ ಆ್ಯಪ್ ಮೂಲಕ ಕಡ್ಡಾಯವಾಯಿತು. ಕಾಯಕ ಬಂಧುವಿನ ಫೋನ್ ಕೈಕೊಟ್ಟರೆ ಕೂಲಿಯೇ ಕೈತಪ್ಪುವ ಸ್ಥಿತಿ. ಅಂಗನವಾಡಿಗಳಲ್ಲಿ 2021ರಿಂದ ಪೋಷಣ್ ಟ್ರ್ಯಾಕರ್. ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ಪಾಠ ತೆರೆಯುವ ದೀಕ್ಷಾ ವೇದಿಕೆ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದ ಸನ್‌ಬರ್ಡ್ ಎಂಬ ಮುಕ್ತ ಆಕರದ ಮೇಲೆ ನಿಂತಿದೆ ಎಂಬುದನ್ನು ಇಲ್ಲಿ ಮೆಚ್ಚುಗೆಯಿಂದ ನೆನೆಯಬಹುದು.

ಇಂಥ ಆ್ಯಪ್‌ಗಳು ಕಾಲಕಾಲಕ್ಕೆ ಹೊಸ ಆಂಡ್ರಾಯ್ಡ್ ಆವೃತ್ತಿಯನ್ನು ಕೇಳುತ್ತವೆ. ಅಗ್ಗದ ಫೋನ್‌ಗಳಿಗೆ ತಯಾರಕರು ಒಂದೆರಡು ವರ್ಷದಲ್ಲೇ ಪರಿಷ್ಕರಣೆ ನಿಲ್ಲಿಸುವುದು ರೂಢಿ. ದುಬಾರಿ ಫೋನ್‌ಗಳಿಗೆ ಏಳು ವರ್ಷದ ಭರವಸೆ ಬಂದಿದೆ: 2023ರಲ್ಲಿ ಗೂಗಲ್ ಪಿಕ್ಸೆಲ್ 8, 2024ರಲ್ಲಿ ಸ್ಯಾಮ್ಸಂಗ್ ಎಸ್24. ಯುರೋಪಿನಲ್ಲಿ 2025ರ ಜೂನ್ 20ರಿಂದ, ಮಾರಾಟ ನಿಂತ ಮೇಲೂ ಐದು ವರ್ಷ ಪರಿಷ್ಕರಣೆ ಕೊಡಬೇಕೆಂಬ ನಿಯಮ ಜಾರಿಯಲ್ಲಿದೆ. ಭಾರತದಲ್ಲಿ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣ ಆರಂಭವಾಯಿತು. ಪರಿಷ್ಕರಣೆ ನಿಂತ ಫೋನ್‌ಗೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ: ಜಗತ್ತಿನ ಅಸಂಖ್ಯ ಜಾಲತಾಣಗಳಿಗೆ ಭದ್ರತಾ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲ ಪ್ರಮಾಣವನ್ನು 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್ ಗುರುತಿಸುವುದಿಲ್ಲ. ತಾತ್ಕಾಲಿಕ ವ್ಯವಸ್ಥೆ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆ ಬಳಿಕ ಇಂಥ ಫೋನ್‌ಗಳಲ್ಲಿ ಎಷ್ಟೋ ತಾಣಗಳು 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆಯೊಡನೆ ನಿಂತವು. ಪ್ರಮಾಣಪತ್ರಗಳ ಪಟ್ಟಿಯನ್ನು ತಾನೇ ಹೊತ್ತು ತರುವ ಫೈರ್‌ಫಾಕ್ಸ್ ಆಗ ಒಂದು ಪರಿಹಾರವಾಗಿತ್ತು.

ಇನ್ನೊಂದು ಪರಿಹಾರ ಫೋನಿನ ವ್ಯವಸ್ಥೆಯನ್ನೇ ಬದಲಿಸುವುದು. 2009ರಲ್ಲಿ ಸ್ಟೀವ್ ಕಾಂಡಿಕ್ ಆರಂಭಿಸಿದ ಸಯನೋಜೆನ್‌ಮಾಡ್ 2016ರ ಡಿಸೆಂಬರ್‌ನಲ್ಲಿ ಮುಚ್ಚಿದಾಗ, ಅದರ ಆಕರದಿಂದಲೇ ಲಿನಿಯೇಜ್ ಓಎಸ್ ಹುಟ್ಟಿತು. ತಯಾರಕರು ಕೈಬಿಟ್ಟ ಹಲವು ಮಾದರಿಗಳಿಗೆ ಸ್ವಯಂಸೇವಕರು ಇದರ ಮೂಲಕ ಹೊಸ ಆಂಡ್ರಾಯ್ಡ್ ಒದಗಿಸುತ್ತಾರೆ. ಆದರೆ ಆಸೆಪಟ್ಟು ಕೈಹಾಕುವ ಮುನ್ನ ಕೆಲವು ಸಂಗತಿ ತಿಳಿದಿರಬೇಕು. ನಿಮ್ಮ ಮಾದರಿಯ ಹೆಸರು ಮಾತ್ರವಲ್ಲ, ಅದರ ಸಂಕೇತನಾಮವೂ ಪಟ್ಟಿಯಲ್ಲಿ ಹೊಂದಿಕೆಯಾಗಬೇಕು. ಒಂದೇ ಹೆಸರಿನ ಎರಡು ಫೋನ್‌ಗಳ ಒಳಗೆ ಬೇರೆ ಬೇರೆ ಚಿಪ್ ಇರುವುದುಂಟು. ಬೂಟ್‌ಲೋಡರ್ ಎಂಬ ಬೀಗ ತೆರೆಯಬೇಕು. ತೆರೆದೊಡನೆ ಫೋನಿನಲ್ಲಿದ್ದುದೆಲ್ಲ ಅಳಿಯುತ್ತದೆ, ಖಾತರಿಯೂ ಹೋಗಬಹುದು. ಹಲವು ತಯಾರಕರು ಬೀಗ ತೆರೆಯಲು ಬಿಡುವುದೇ ಇಲ್ಲ. ಕರ್ನೆಲ್‌ನ ಆಕರ ಕೊಡಲೇಬೇಕೆಂಬ ಪರವಾನಗಿಯ ಕಟ್ಟುಪಾಡನ್ನು ತಡವಾಗಿ ಪಾಲಿಸುವವರೂ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ತೊಡಕು ಹಣದ್ದು. ಹಲವು ಬ್ಯಾಂಕ್ ಹಾಗೂ ಪಾವತಿ ಆ್ಯಪ್‌ಗಳು ಫೋನಿನ ವ್ಯವಸ್ಥೆ ಮೂಲದ್ದೇ ಎಂದು ಗೂಗಲ್‌ನ ಸೇವೆಯ ಮೂಲಕ ಪರೀಕ್ಷಿಸುತ್ತವೆ, ಬದಲಾಗಿದ್ದರೆ ತೆರೆದುಕೊಳ್ಳುವುದಿಲ್ಲ. ವರ್ಷಗಳಿಂದ ಭದ್ರತಾ ಪರಿಷ್ಕರಣೆ ಕಾಣದ ಹಳೆಯ ಆಂಡ್ರಾಯ್ಡ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕಳೆದ ತಿಂಗಳ ಪರಿಷ್ಕರಣೆ ಇರುವ ಲಿನಿಯೇಜ್ ಓಎಸ್ ನಪಾಸಾಗುವುದು ವಿಚಿತ್ರವಾದರೂ ವಾಸ್ತವ. ಸಂತೆಯಲ್ಲಿ, ನೂಲಿನ ಅಂಗಡಿಯಲ್ಲಿ ಯುಪಿಐ ಮೂಲಕವೇ ವ್ಯವಹರಿಸುವವರು ಒಂದೇ ಫೋನ್ ಹೊಂದಿದ್ದರೆ ಈ ಸಾಹಸ ಬೇಡ. ಸಾಮಾನ್ಯ ಫೋನ್‌ನಿಂದಲೂ ಹಣ ಕಳುಹಿಸಲು *99# ಸೇವೆಯೂ 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಆರಂಭಿಸಿದ ಯುಪಿಐ 123ಪೇ ಕೂಡ ಇವೆ ಎಂಬುದು ತಿಳಿದಿರಲಿ. ಮನೆಯಲ್ಲಿ ಬಿದ್ದಿರುವ ಎರಡನೆಯ ಫೋನ್ ಇದ್ದರೆ ಮಾತ್ರ ಹೊಸ ವ್ಯವಸ್ಥೆ ಹಾಕಿ ಮಕ್ಕಳ ಓದಿಗೋ ರೇಡಿಯೋ ಕೇಳಲೋ ಬಳಸುವುದು ಜಾಣತನ. ವ್ಯವಸ್ಥೆ ಬದಲಿಸದೆಯೂ ಮುಕ್ತ ಆ್ಯಪ್‌ಗಳನ್ನು ಪಡೆಯಬಹುದು: 2010ರಿಂದ ಇರುವ ಎಫ್-ಡ್ರಾಯ್ಡ್ ಎಂಬ ಭಂಡಾರದಲ್ಲಿ ಆಕರ ಬಹಿರಂಗವಾದ ಆ್ಯಪ್‌ಗಳು ಮಾತ್ರ ಇವೆ, ಖಾತೆ ತೆರೆಯಬೇಕಿಲ್ಲ.

ಆದರೆ ಈ ದಾರಿಯೂ ಕಿರಿದಾಗುತ್ತಿದೆ. 2025ರ ಮಾರ್ಚ್‌ನಲ್ಲಿ ಗೂಗಲ್ ಆಂಡ್ರಾಯ್ಡ್‌ನ ಅಭಿವೃದ್ಧಿಯನ್ನೆಲ್ಲ ಒಳಗೇ ನಡೆಸಿ, ಸಿದ್ಧವಾದ ಮೇಲಷ್ಟೇ ಆಕರವನ್ನು ಹೊರಗಿಡುವುದಾಗಿ ಹೇಳಿತು. ಆಗಸ್ಟ್‌ನಲ್ಲಿ, ಪ್ಲೇ ಸ್ಟೋರ್ ಹೊರಗಿನ ಆ್ಯಪ್‌ಗಳ ತಯಾರಕರೂ ತಮ್ಮ ಗುರುತನ್ನು ತನ್ನಲ್ಲಿ ನೋಂದಾಯಿಸಬೇಕೆಂದೂ, ಈ ನಿಯಮ 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡ್‌ಗಳಲ್ಲಿ, 2027ರಿಂದ ಉಳಿದೆಡೆ ಜಾರಿಗೆ ಬರುವುದೆಂದೂ ಪ್ರಕಟಿಸಿತು. ವಂಚನೆಯ ಆ್ಯಪ್‌ಗಳನ್ನು ತಡೆಯುವುದು ಇದರ ಉದ್ದೇಶವೆಂದು ಅದರ ಹೇಳಿಕೆ. ನಕಲಿ ಬ್ಯಾಂಕ್ ಕಡತ ಒತ್ತಿ ಹಣ ಕಳೆದುಕೊಂಡವರು ನಮ್ಮ ಊರುಗಳಲ್ಲೂ ಇರುವುದರಿಂದ ಆ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಹೀಗಾದರೆ ತಮ್ಮ ಭಂಡಾರವೇ ಉಳಿಯದೆಂದು ಎಫ್-ಡ್ರಾಯ್ಡ್ ಬಳಗ ಸೆಪ್ಟೆಂಬರ್‌ನಲ್ಲಿ ಪ್ರತಿಭಟಿಸಿತು. ನವೆಂಬರ್‌ನಲ್ಲಿ ಗೂಗಲ್ ತುಸು ಸಡಿಲಿಸಿ, ಅಪಾಯ ಅರಿತ ಅನುಭವಿ ಬಳಕೆದಾರರಿಗೆ ಬೇರೆ ದಾರಿ ಕೊಡುವುದಾಗಿ ತಿಳಿಸಿತು.